ರತ್ನಗಂಬಳಿಯೂ ಮನೆಯ ನಾಯಿಯೂ

ನೆಲವನ್ನು ಶುಚಿಮಾಡುವುದು ಒಂದು ಶಾಸ್ತ್ರವೆಂದು ನಮಗೆ ಎಂದೂ ತೋರಿದ್ದಿಲ್ಲ. ಕೆಂಪು ಗಾರೆಯ ನೆಲವಾಗಲಿ, ಕಡಪಾ ಕಲ್ಲಿನ ನೆಲವಾಗಲಿ, ಬೆಳಗಾದರೆ ಗುಡಿಸುವುದು, ಒದ್ದೆ ಬಟ್ಟೆಯಿಂದ ಒರೆಸುವುದು, ಅಷ್ಟೆ. ನೆಲಕ್ಕೆ ಹಾಸುವ ಚಾಪೆ ಜಮಖಾನಗಳನ್ನಾದರೋ ಅಂಗಳಕ್ಕೆ ಒಯ್ದು ಕೊಡವಿ, ಬೇಕಾದರೆ ಒಗೆದು, ಬಿಸಿಲಿಗೆ ಹರವಿದರೆ ಮುಗಿಯಿತು; ಮಿಕ್ಕ ಕೆಲಸವನ್ನು ಸೂರ್ಯನೇ ಮಾಡುತ್ತಾನೆ. ಆದರೆ ಹಾಸೇ ನೆಲವಾಗಿರುವ ಮನೆಯೊಂದನ್ನು ವಾಚಕರು ಊಹಿಸಿಕೊಳ್ಳಬೇಕು. ಗೋಡೆಯಿಂದ ಗೋಡೆಯವರೆಗೆ ಎಳೆದು, ಅಂಚುಗಳಲ್ಲಿ ಮೊಳೆಪಟ್ಟಿಗಳಿಗೆ ಬಿಗಿದ ರತ್ನಗಂಬಳಿ; ಅದನ್ನು ಅಂಗಳಕ್ಕೆ ಒಯ್ಯುವಂತಿಲ್ಲ, ಬಿಸಿಲಿಗೆ ಹಾಕುವಂತಿಲ್ಲ. ಅದರ ಮೇಲೆ ಮಕ್ಕಳು ಆಡುತ್ತಾರೆ, ನಾಯಿ ಮಲಗುತ್ತದೆ, ಬೆಕ್ಕು ಮೈ ನೆಕ್ಕಿಕೊಳ್ಳುತ್ತದೆ. ಅಂಥ ನೆಲವನ್ನು ತೊಳೆಯುವುದು ಹೇಗೆ?

ಈ ಪ್ರಶ್ನೆ ನಮಗೆ ಎದುರಾದುದು ಅಮೆರಿಕದ ಮಿಷಿಗನ್ ರಾಜ್ಯದಲ್ಲಿ, ನಮ್ಮ ಮಗಳ ಮನೆಯಲ್ಲಿ ಕಳೆದ ಒಂದು ಚಳಿಗಾಲದಲ್ಲಿ. ಆ ಮನೆಯಲ್ಲಿ ಮೋತಿ ಎಂಬ ಹದಿಮೂರು ವರ್ಷದ ನಾಯಿಯೂ ಒಂದು ಗಂಡು ಬೆಕ್ಕೂ ಇದ್ದುವು. ಮೋತಿ ತನ್ನ ಜೀವಮಾನದಲ್ಲಿ ಮನೆಯೊಳಗೆ ಹೇಸಿಗೆ ಮಾಡಿದ ನಾಯಿಯಲ್ಲ. ಆದರೆ ಕೆಲವು ತಿಂಗಳುಗಳಿಂದ ನಡುಮನೆಯ ಕಿಟಕಿಯ ಮೂಲೆಯಲ್ಲಿ ಮೂತ್ರ ಮಾಡತೊಡಗಿತ್ತು. ಅಳಿಯಂದಿರು ಅಂಗಡಿಯಿಂದ ರತ್ನಗಂಬಳಿ ತೊಳೆಯುವ ಯಂತ್ರವೊಂದನ್ನು ತಂದರು. ಮಗಳು ಅದರಲ್ಲಿ ಚೆನ್ನಾಗಿ ಕಾದ ನೀರನ್ನು ತುಂಬಿ, ಹೇಳಿದುದಕ್ಕಿಂತ ಇಮ್ಮಡಿ ಸಾಬೂನು ದ್ರವವನ್ನು ಹಾಕಿ, ಮೂಲೆಯನ್ನು ಮನಸ್ಸು ತೃಪ್ತಿಯಾಗುವಷ್ಟು ತೊಳೆದಳು. ರತ್ನಗಂಬಳಿ ಹೊಸದರಂತೆ ಹೊಳೆಯಿತು. ಮೂರನೆಯ ದಿನ ನಾತ ಮೊದಲಿಗಿಂತ ಹೆಚ್ಚಾಗಿ ಎದ್ದಿತು. ಮೋತಿ ಮತ್ತೆ ಅಲ್ಲಿಗೇ ಹೋಯಿತು. ಎರಡನೆಯ ಸಲ ತೊಳೆದರು, ಮತ್ತೆ ಹಾಗೆಯೇ ಆಯಿತು. ಆಗ ಅಳಿಯಂದಿರು, “ಇನ್ನು ಇದನ್ನು ಎಲ್ಲಿಗಾದರೂ ಒಪ್ಪಿಸಿಬಿಡುವುದೇ ಲೇಸೋ ಏನೋ” ಎಂದರು. ಆ ಮಾತನ್ನು ಅವರು ಸಂತೋಷದಿಂದ ಆಡಲಿಲ್ಲ. ಮೊಮ್ಮಗಳು ಎದ್ದುಹೋಗಿ ನಾಯಿಯ ಪಕ್ಕದಲ್ಲಿ ಕುಳಿತಳು.

ಇದು ಒಂದೇ ಮನೆಯ ಕಥೆಯಲ್ಲ. ಸಾಕುಪ್ರಾಣಿಗಳು ಮನೆ ಕಳೆದುಕೊಂಡು ಆಶ್ರಯಶಾಲೆಗಳನ್ನು ಸೇರುವುದಕ್ಕಿರುವ ಕಾರಣಗಳಲ್ಲಿ ಮನೆಯೊಳಗಿನ ಹೇಸಿಗೆಯೂ ಒಂದು. ಹದಿಮೂರು ವರ್ಷದ ನಾಯಿಯನ್ನು ಅಲ್ಲಿಂದ ಕರೆದೊಯ್ಯುವವರು ಅಪರೂಪ. ಆದುದರಿಂದ ತಪ್ಪು ಯಂತ್ರದ್ದೋ, ನಾಯಿಯದೋ, ನಮ್ಮದೋ ಎಂಬುದನ್ನು ವಿಚಾರಿಸದೆ ತೀರ್ಪು ಕೊಡುವುದು ನ್ಯಾಯವಾಗಿ ತೋರಲಿಲ್ಲ.

ಪೊರಕೆಯಿಂದ ಯಂತ್ರದವರೆಗೆ

ರತ್ನಗಂಬಳಿಯ ಶುಚಿತ್ವಕ್ಕಾಗಿ ಮನುಷ್ಯನು ಪಟ್ಟ ಪಾಡು ಸಣ್ಣದಲ್ಲ. ಇದೇ ಮಿಷಿಗನ್ ರಾಜ್ಯದ ಗ್ರ್ಯಾಂಡ್ ರ್‍ಯಾಪಿಡ್ಸ್ ನಗರದಲ್ಲಿ ಪಿಂಗಾಣಿ ಪಾತ್ರೆಗಳ ಅಂಗಡಿಯನ್ನು ನಡೆಸುತ್ತಿದ್ದ ಮೆಲ್ವಿಲ್ ಬಿಸೆಲ್ ಎಂಬಾತನು, ಉರುಳುವ ಕುಂಚವುಳ್ಳ ಗುಡಿಸುವ ಪೆಟ್ಟಿಗೆಗೆ ೧೮೭೬ರಲ್ಲಿ ಹಕ್ಕುಪತ್ರವನ್ನು ಪಡೆದನು. ಆತನು ೧೮೮೯ರಲ್ಲಿ ತೀರಿಕೊಂಡ ಮೇಲೆ ಹೆಂಡತಿ ಆನಾ ಬಿಸೆಲ್ ಆ ಉದ್ಯಮದ ಚುಕ್ಕಾಣಿ ಹಿಡಿದಳು. ಆದರೆ ಗುಡಿಸುವುದರಿಂದ ಮೇಲಿನ ಕಸ ಹೋದೀತೇ ಹೊರತು ಎಳೆಗಳ ಬುಡಕ್ಕೆ ಇಳಿದ ಧೂಳು ಹೋಗಲಾರದು.

ಲಂಡನ್ನಿನಲ್ಲಿ ಹ್ಯೂಬರ್ಟ್ ಸೆಸಿಲ್ ಬೂತ್ ಎಂಬ ಇಂಜಿನಿಯರನು ಗಾಳಿಯನ್ನು ಊದಿ ಧೂಳೆಬ್ಬಿಸುವ ಯಂತ್ರವೊಂದನ್ನು ನೋಡಿ, ಊದುವುದಕ್ಕೆ ಬದಲಾಗಿ ಹೀರಬಾರದೇಕೆ ಎಂದು ಆಲೋಚಿಸಿದನು. ೧೯೦೧ರಲ್ಲಿ ಅವನು ಕಟ್ಟಿದ ಯಂತ್ರವು ಕುದುರೆಗಾಡಿಯ ಮೇಲೆ ಬರುತ್ತಿತ್ತು. ಅದರ ಕೊಳವೆಗಳನ್ನು ಕಿಟಕಿಗಳ ಮೂಲಕ ಮನೆಯೊಳಕ್ಕೆ ಬಿಡಬೇಕಾಗಿತ್ತು. ೧೯೦೨ರಲ್ಲಿ ಏಳನೆಯ ಎಡ್ವರ್ಡನ ಪಟ್ಟಾಭಿಷೇಕದ ಕಾಲಕ್ಕೆ ವೆಸ್ಟ್‌ಮಿನ್ಸ್ಟರ್ ಅಬೆಯ ರತ್ನಗಂಬಳಿಗಳನ್ನು ಈ ಯಂತ್ರದಿಂದಲೇ ಶುಚಿಮಾಡಿದರು. ಮನೆಯಾಕೆ ತಾನೇ ನಡೆಸಬಹುದಾದ ಹಗುರವಾದ ಯಂತ್ರಕ್ಕೆ ಕಾರಣನಾದವನು ಜೇಮ್ಸ್ ಮರೆ ಸ್ಪ್ಯಾಂಗ್ಲರ್. ಅವನು ಓಹಾಯೋ ರಾಜ್ಯದ ಕ್ಯಾಂಟನ್ ಊರಿನ ಅಂಗಡಿಯೊಂದರಲ್ಲಿ ಕಸ ಗುಡಿಸುವ ಕೆಲಸದವನು. ಧೂಳಿನಿಂದ ಗೂರಲು ಹೆಚ್ಚಿ ಬಳಲುತ್ತಿದ್ದನು. ಒಂದು ಬೀಸಣಿಗೆಯ ಮೋಟಾರು, ಪೊರಕೆಯ ಹಿಡಿ, ದಿಂಬಿನ ಚೀಲ ಇವುಗಳನ್ನು ಕೂಡಿಸಿ ಅವನು ರಚಿಸಿದ ಯಂತ್ರಕ್ಕೆ ೧೯೦೮ರಲ್ಲಿ ಹಕ್ಕುಪತ್ರ ದೊರೆಯಿತು.

ಈ ಯಂತ್ರಗಳೆಲ್ಲ ಒಣ ಧೂಳಿನವು. ರತ್ನಗಂಬಳಿಯನ್ನು ನೀರಿನಿಂದ ತೊಳೆಯುವ ಯಂತ್ರವು ಇವುಗಳ ತಮ್ಮ ಎನ್ನಬಹುದು.

ಯಂತ್ರವು ಮಾಡುವುದೇನು?

ಈ ಯಂತ್ರದಲ್ಲಿ ಎರಡು ತೊಟ್ಟಿಗಳಿವೆ. ಒಂದರಲ್ಲಿ ಬಿಸಿನೀರು ಮತ್ತು ಸಾಬೂನು ದ್ರವ, ಇನ್ನೊಂದರಲ್ಲಿ ಕೊಳೆನೀರು. ಹಿಡಿಯನ್ನು ಒತ್ತಿದರೆ ನೀರು ಸಿಂಪಡಿಸುತ್ತದೆ, ತಿರುಗುವ ಕುಂಚವು ಎಳೆಗಳನ್ನು ಉಜ್ಜುತ್ತದೆ, ಮುಂದಿರುವ ಬಾಯಿಯು ನೀರನ್ನು ಹಿಂದಕ್ಕೆ ಹೀರುತ್ತದೆ. ಜನರು ಇದನ್ನು ಉಗಿಯ ಯಂತ್ರವೆಂದು ಕರೆಯುವುದುಂಟು. ವಾಸ್ತವವಾಗಿ ಸಾಧಾರಣ ಮನೆಯ ಯಂತ್ರದಲ್ಲಿ ಉಗಿಯಿಲ್ಲ, ಬಿಸಿನೀರು ಮಾತ್ರ ಇದೆ.

ನೀರೊಂದೇ ಏಕೆ ಸಾಲದು? ನೀರಿನ ಅಣುಗಳು ಒಂದನ್ನೊಂದು ಬಲವಾಗಿ ಸೆಳೆಯುತ್ತವೆ. ಆದುದರಿಂದ ಜಿಡ್ಡಿನ ಮೇಲೆ ಬಿದ್ದ ನೀರು ಹರಡದೆ ಮಣಿಯಾಗಿ ನಿಲ್ಲುತ್ತದೆ. ಕೆಸುವಿನ ಎಲೆಯ ಮೇಲಿನ ಹನಿಯನ್ನು ನೆನೆದರೆ ಇದು ತಿಳಿಯುತ್ತದೆ. ಸಾಬೂನಿನ ಅಣುವಿಗೆ ಎರಡು ತುದಿಗಳು. ಒಂದಕ್ಕೆ ನೀರು ಪ್ರಿಯ, ಮತ್ತೊಂದಕ್ಕೆ ಜಿಡ್ಡು ಪ್ರಿಯ. ಇಂಥ ಅಣುಗಳು ಜಿಡ್ಡಿನ ಕಣವನ್ನು ಸುತ್ತುವರಿದು, ಅದನ್ನು ಎಳೆಯಿಂದ ಬಿಡಿಸಿ ನೀರಿನಲ್ಲಿ ತೇಲಿಸುತ್ತವೆ. ನಾಯಿಯ ಮೈಯಿಂದ ರತ್ನಗಂಬಳಿಗೆ ಇಳಿಯುವ ಎಣ್ಣೆಯಂಶವು ಹೋಗುವುದು ಹೀಗೆ.

ಇನ್ನು ಹೀರುವ ಕ್ರಿಯೆ. ಯಂತ್ರವು ನೀರನ್ನು ಎಳೆಯುತ್ತದೆ ಎನ್ನುವುದು ಮಾತಿನ ರೂಢಿ. ನಿಜವಾಗಿ ಯಂತ್ರದ ಬೀಸಣಿಗೆಯು ಒಳಗಿನ ಗಾಳಿಯನ್ನು ಸ್ವಲ್ಪ ಹೊರದೂಡುತ್ತದೆ. ಹೊರಗಿನ ವಾತಾವರಣವು, ಪ್ರತಿ ಚದರ ಸೆಂಟಿಮೀಟರಿನ ಮೇಲೂ ಸುಮಾರು ೧ ಕಿಲೋಗ್ರಾಂ ಭಾರದಿಂದ ಅದುಮುತ್ತಿರುವ ಈ ಗಾಳಿಯ ಕಡಲು, ನೀರನ್ನು ಒಳಕ್ಕೆ ತಳ್ಳುತ್ತದೆ. ಈ ತಳ್ಳುವಿಕೆಗೆ ಗಾಳಿಯ ಹರಿವು ಬೇಕು. ಹರಿಯುವ ಗಾಳಿಯು ಸುಲಭವಾದ ದಾರಿಯನ್ನೇ ಹಿಡಿಯುತ್ತದೆ; ಮೇಲಿನ ಎಳೆಗಳ ನಡುವೆ ನುಗ್ಗಿ ಯಂತ್ರವನ್ನು ಸೇರುತ್ತದೆಯೇ ಹೊರತು ರತ್ನಗಂಬಳಿಯ ಬೆನ್ನುಬಟ್ಟೆಯನ್ನೂ ಅದರ ಕೆಳಗಿನ ಮೆತ್ತೆಯನ್ನೂ ಹೊಕ್ಕು ಬರುವುದಿಲ್ಲ. ಅಂದರೆ ಈ ಯಂತ್ರವು ನೀರನ್ನು ಎಷ್ಟು ಆಳಕ್ಕೆ ಇಳಿಸಬಲ್ಲದೋ ಅಷ್ಟು ಆಳದಿಂದ ಮರಳಿ ತೆಗೆಯಲಾರದು. ಮಗಳ ಮನೆಯ ಒಗಟಿಗೆ ಬೀಗದ ಕೈ ಇಲ್ಲಿಯೇ ಇತ್ತು.

ತೊಳೆದ ಮೇಲೆ ನಾತ ಹೆಚ್ಚಿತೇಕೆ?

ಗೋಡೆಯಿಂದ ಗೋಡೆಗೆ ಹಾಸಿದ ರತ್ನಗಂಬಳಿಗೆ ಹಲವು ಪದರಗಳುಂಟು. ಮೇಲೆ ನಮಗೆ ಕಾಣುವ ಎಳೆಗಳು. ಅವುಗಳನ್ನು ಹಿಡಿದಿರುವ ಬೆನ್ನುಬಟ್ಟೆ. ಅದರ ಕೆಳಗೆ ಕಾಲಿಗೆ ಮೆತ್ತಗಾಗಲೆಂದು ಹಾಕಿದ ನೊರೆ ರಬ್ಬರಿನಂಥ ಮೆತ್ತೆ. ಎಲ್ಲಕ್ಕೂ ಅಡಿಯಲ್ಲಿ ಹಲಗೆಯ ನೆಲ. ೨೦ ಕಿಲೋಗ್ರಾಂ ತೂಗುವ ನಾಯಿಯು ದಿನಕ್ಕೆ ಸುಮಾರು ಅರ್ಧ ಲೀಟರಿನಿಂದ ಒಂದು ಲೀಟರಿನವರೆಗೆ ಮೂತ್ರ ಮಾಡುತ್ತದೆ. ಅದರಲ್ಲಿ ಒಂದು ಭಾಗವು ಒಂದೇ ಜಾಗದಲ್ಲಿ ಬಿದ್ದರೆ ಎಳೆಗಳನ್ನು ದಾಟಿ ಮೆತ್ತೆಗೆ ಇಳಿದು ಅಲ್ಲಿ ಅಗಲವಾಗಿ ಹರಡುತ್ತದೆ. ಮೇಲೆ ಅಂಗೈಯಗಲದ ಕಲೆಯಿದ್ದರೆ ಕೆಳಗೆ ತಟ್ಟೆಯಗಲದ ಕಲೆಯಿರಬಹುದು.

ಇದರ ಮೇಲೆ ಬಿಸಿನೀರನ್ನು ಧಾರಾಳವಾಗಿ ಬಿಟ್ಟರೆ ಮೂರು ಸಂಗತಿಗಳು ನಡೆಯುತ್ತವೆ. ಮೊದಲನೆಯದಾಗಿ, ಮೇಲೆ ಉಳಿದಿದ್ದ ಮೂತ್ರಾಂಶವೂ ನೀರಿನೊಡನೆ ಕೆಳಕ್ಕೆ ಇಳಿಯುತ್ತದೆ. ಎರಡನೆಯದಾಗಿ, ಒಣಗಿ ನಿದ್ರಿಸುತ್ತಿದ್ದ ಲವಣಗಳೂ ನಾತದ ವಸ್ತುಗಳೂ ತೇವ ತಗುಲಿ ಕರಗುತ್ತವೆ. ಬ್ಯಾಕ್ಟೀರಿಯಗಳಿಗೆ ನೀರು ದೊರೆತು ಅವುಗಳ ಸಂತತಿ ಬೆಳೆಯುತ್ತದೆ. ಮೂರನೆಯದಾಗಿ, ಮೇಲಿನ ಎಳೆಗಳು ಮೊದಲು ಒಣಗುತ್ತವೆ. ಆಗ ದೀಪದ ಬತ್ತಿಯು ಎಣ್ಣೆಯನ್ನು ಮೇಲೆಳೆಯುವಂತೆ ಅವು ಮೆತ್ತೆಯಲ್ಲಿರುವ ಕೊಳೆನೀರನ್ನು ಮೇಲೆಳೆಯುತ್ತವೆ. ನೀರು ತುದಿಯಿಂದ ಆವಿಯಾಗಿ ಹೋಗುತ್ತದೆ, ಅದು ಹೊತ್ತು ತಂದ ಕೊಳೆ ತುದಿಯಲ್ಲೇ ಉಳಿಯುತ್ತದೆ. ಮೂರನೆಯ ದಿನ ಕಲೆ ಮರಳಿ ಕಾಣಿಸಿಕೊಂಡುದರಲ್ಲಿ ಮಾಯವೇನೂ ಇಲ್ಲ. ಅದು ಹೋಗಿಯೇ ಇರಲಿಲ್ಲ. ಕೆಳಗಿಳಿದು ಮತ್ತೆ ಮೇಲೆ ಬಂದಿತ್ತು.

ಇಮ್ಮಡಿ ಸಾಬೂನಿನಿಂದ ಆದ ಕೇಡು ಬೇರೆಯದು. ತೊಳೆದು ತೆಗೆಯದೆ ಉಳಿದ ಸಾಬೂನು ಎಳೆಗಳ ಮೇಲೆ ಅಂಟಾಗಿ ಒಣಗುತ್ತದೆ. ಮುಂದೆ ಅದರ ಮೇಲೆ ಕಾಲಿಟ್ಟ ಪ್ರತಿಯೊಂದು ಪ್ರಾಣಿಯ ಪಾದದ ಧೂಳೂ ಅಲ್ಲಿ ಹಿಡಿದುಕೊಳ್ಳುತ್ತದೆ. ತೊಳೆದ ಜಾಗವೇ ತೊಳೆಯದ ಜಾಗಕ್ಕಿಂತ ಬೇಗ ಕೊಳೆಯಾಗುವುದನ್ನು ಕಂಡವರು ಯಂತ್ರವನ್ನು ಬಯ್ಯುತ್ತಾರೆ. ಬಯ್ಯಬೇಕಾದುದು ಸಾಬೂನನ್ನು ಅಳೆಯದೆ ಸುರಿದ ಕೈಯನ್ನು.

ನಾತದ ರಸಾಯನ

ಹೊಸದಾಗಿ ಬಿದ್ದ ನಾಯಿಯ ಮೂತ್ರಕ್ಕೆ ಅಷ್ಟು ತೀಕ್ಷ್ಣವಾದ ವಾಸನೆಯಿಲ್ಲ. ಅದರಲ್ಲಿರುವ ಮುಖ್ಯ ವಸ್ತು ಯೂರಿಯಾ. ೧೮೨೮ರಲ್ಲಿ ಫ್ರೀಡ್ರಿಕ್ ವೋಲರ್ ಪ್ರಯೋಗಶಾಲೆಯಲ್ಲಿ ತಯಾರಿಸಿ, ಜೀವಿಗಳಿಲ್ಲದೆಯೂ ಜೀವಿಗಳ ವಸ್ತು ದೊರೆಯುತ್ತದೆಂದು ತೋರಿಸಿಕೊಟ್ಟ ಯೂರಿಯಾ ಇದೇ. ಇದಕ್ಕೆ ತನ್ನದೇ ವಾಸನೆಯಿಲ್ಲ. ಆದರೆ ನೆಲದ ಬ್ಯಾಕ್ಟೀರಿಯಗಳು ಯೂರಿಯೇಸ್ ಎಂಬ ಕಿಣ್ವದಿಂದ ಅದನ್ನು ಒಡೆಯುತ್ತವೆ; ಆಗ ಮೂಗನ್ನು ಸುಡುವ ಅಮೋನಿಯಾ ಹೊರಬೀಳುತ್ತದೆ. ಮೊದಲು ಸ್ವಲ್ಪ ಆಮ್ಲಗುಣವುಳ್ಳ ಮೂತ್ರವು ದಿನ ಕಳೆದಂತೆ ಕ್ಷಾರವಾಗುತ್ತದೆ. ಉಣ್ಣೆಗೆ ಕ್ಷಾರವು ಶತ್ರು, ಬಣ್ಣಗಳಿಗೂ ಹಿತವಲ್ಲ. ಹಳೆಯ ಕಲೆಯ ಜಾಗದಲ್ಲಿ ಬಣ್ಣವೇ ಮಾಸಿದ್ದರೆ ಅದು ಕೊಳೆಯಲ್ಲ, ಗಾಯ. ಯಾವ ಯಂತ್ರವೂ ಅದನ್ನು ತೊಳೆದು ತೆಗೆಯಲಾರದು.

ಬೆಕ್ಕಿನ ವಿಚಾರ ಇನ್ನೂ ವಿಚಿತ್ರ. ಬೆಕ್ಕಿನ ಮೂತ್ರದಲ್ಲಿ ಫೆಲಿನೀನ್ ಎಂಬ, ಗಂಧಕವನ್ನೊಳಗೊಂಡ ಅಮೈನೋ ಆಮ್ಲವಿದೆ. ಇದರ ಉತ್ಪತ್ತಿಗೆ ನೆರವಾಗುವ ಕಾಕ್ಸಿನ್ ಎಂಬ ಪ್ರೋಟೀನನ್ನು ಜಪಾನಿನ ವಿಜ್ಞಾನಿಗಳು ಈ ಶತಮಾನದ ಮೊದಲ ದಶಕದಲ್ಲಿ ವಿವರಿಸಿದರು. ಬೀಜ ಒಡೆಸದ ಗಂಡು ಬೆಕ್ಕಿನಲ್ಲಿ ಫೆಲಿನೀನ್ ಅಧಿಕ. ಫೆಲಿನೀನಿಗೆ ವಾಸನೆಯಿಲ್ಲ, ಅದು ಮೆಲ್ಲಮೆಲ್ಲನೆ ಒಡೆದು ಗಂಧಕದ ನಾತವಸ್ತುಗಳಾಗುತ್ತದೆ. ಬೆಕ್ಕು ಮಾಡಿದ ದಿನ ತಿಳಿಯದಿದ್ದ ಜಾಗವು ಕೆಲವು ದಿನಗಳ ಮೇಲೆ ತಾನಾಗಿ ತಿಳಿಯಬರುವುದು ಇದರಿಂದಲೇ.

ಇಲ್ಲಿ ಒಂದು ತಪ್ಪು ನಂಬಿಕೆಯನ್ನು ತಿದ್ದಬೇಕು. ನಾಯಿ ಬೆಕ್ಕುಗಳ ಮೂತ್ರದ ನಾತವೆಲ್ಲ ಯೂರಿಕ್ ಆಮ್ಲದ ಹರಳುಗಳಿಂದಲೇ ಬರುತ್ತದೆಂದು ಹೇಳುವುದುಂಟು. ಆದರೆ ನಾಯಿ ಬೆಕ್ಕುಗಳ ದೇಹವು ಯೂರಿಕ್ ಆಮ್ಲದ ಬಹುಭಾಗವನ್ನು ನೀರಿನಲ್ಲಿ ಸುಲಭವಾಗಿ ಕರಗುವ ಅಲಾಂಟಾಯಿನ್ ಆಗಿ ಮಾರ್ಪಡಿಸಿಬಿಡುತ್ತದೆ. ಡಾಲ್ಮೇಷಿಯನ್ ಜಾತಿಯ ನಾಯಿಗಳು ಇದಕ್ಕೆ ಪ್ರಸಿದ್ಧವಾದ ಅಪವಾದ. ಯೂರಿಕ್ ಆಮ್ಲದ ತೊಂದರೆ ಹೆಚ್ಚಾಗಿ ನಮ್ಮ ಮನುಷ್ಯಜಾತಿಯದು.

ಕಿಣ್ವಗಳಿಗೆ ಬೇಕಾದ ಕಾಲ

ನಾತದ ಅಣುಗಳನ್ನು ಒಡೆಯುವುದಕ್ಕೂ ಕಿಣ್ವಗಳನ್ನೇ ನಿಯೋಗಿಸಬಹುದು. ಕಿಣ್ವವೆಂದರೆ ಒಂದು ಗೊತ್ತಾದ ಕೆಲಸವನ್ನು ಮಾತ್ರ ಮಾಡುವ ಪ್ರೋಟೀನು. ಅದು ಪ್ರೋಟೀನೆಂದು ಮನಗಾಣಿಸಿದವನು ಜೇಮ್ಸ್ ಸಮ್ನರ್. ೧೯೨೬ರಲ್ಲಿ ಜ್ಯಾಕ್ ಬೀನ್ ಎಂಬ ಒಂದು ಬಗೆಯ ಅವರೆಯಿಂದ ಯೂರಿಯೇಸ್ ಕಿಣ್ವವನ್ನು ಹರಳುಗಳಾಗಿ ಪಡೆದು, ೧೯೪೬ರಲ್ಲಿ ನೊಬೆಲ್ ಬಹುಮಾನದಲ್ಲಿ ಪಾಲುಗೊಂಡನು. ಸಾಕುಪ್ರಾಣಿಗಳ ಮನೆಗೆಂದು ಮಾರುವ ಕಿಣ್ವದ್ರವಗಳಲ್ಲಿ ಪ್ರೋಟೀನು, ಕೊಬ್ಬು ಮೊದಲಾದುವನ್ನು ಒಡೆಯುವ ಕಿಣ್ವಗಳೂ ಕೆಲವೊಮ್ಮೆ ಅವನ್ನು ತಯಾರಿಸುವ ಬ್ಯಾಕ್ಟೀರಿಯಗಳೂ ಇರುತ್ತವೆ.

ಈ ಕೆಲಸಗಾರರಿಗೆ ಮೂರು ನಿಬಂಧನೆಗಳಿವೆ. ಮೂತ್ರವು ಇಳಿದಷ್ಟೂ ಆಳಕ್ಕೆ ಅವು ಇಳಿಯಬೇಕು. ಒದ್ದೆಯಾಗಿರುವಷ್ಟು ಕಾಲ ಮಾತ್ರ ಅವು ಕೆಲಸಮಾಡಬಲ್ಲವು. ಸುಡುವ ನೀರು ತಗುಲಿದರೆ ಕೆಟ್ಟುಹೋಗುತ್ತವೆ. ಮೊಟ್ಟೆಯ ಬಿಳಿಯು ಕಾವಿನಿಂದ ಗಟ್ಟಿಯಾದಂತೆ ಕಿಣ್ವದ ರಚನೆಯೂ ಕಾವಿನಿಂದ ಬದಲಾಗಿಬಿಡುತ್ತದೆ. ರಕ್ತ ವಾಂತಿಗಳ ಕಲೆಗೆ ಮೊದಲು ತಣ್ಣೀರನ್ನೇ ಬಳಸಬೇಕೆಂಬುದಕ್ಕೂ ಇದೇ ಕಾರಣ. ಅವುಗಳಲ್ಲಿರುವ ಪ್ರೋಟೀನು ಬಿಸಿಯಿಂದ ಬೆಂದು ಎಳೆಗಳಿಗೆ ಕಚ್ಚಿಕೊಳ್ಳುತ್ತದೆ.

ಸಿಂಪಡಿಸಿ ಐದು ನಿಮಿಷಕ್ಕೆ ಹೀರಿಬಿಟ್ಟರೆ ಕಿಣ್ವವು ಏನನ್ನೂ ಮಾಡಿರುವುದಿಲ್ಲ. ಆದುದರಿಂದ ಕ್ರಮವನ್ನು ತಿರುಗಿಸಬೇಕು: ಮೊದಲು ಕಿಣ್ವ, ಆಮೇಲೆ ಕಾಲ, ಕೊನೆಗೆ ಯಂತ್ರ.

ಒಣ ಕೆಲಸ ಮೊದಲು

ಸಾಕುಪ್ರಾಣಿಗಳಿರುವ ಮನೆಯಲ್ಲಿ ಮೂತ್ರಕ್ಕಿಂತ ನಿತ್ಯವಾದುದು ಕೂದಲು. ಒದ್ದೆಯಾದ ಕೂದಲು ಮುದ್ದೆಯಾಗಿ ಎಳೆಗಳಿಗೆ ಸುತ್ತಿಕೊಳ್ಳುತ್ತದೆ, ಕುಂಚವನ್ನು ಬಿಗಿಯುತ್ತದೆ, ಯಂತ್ರದ ಬಾಯಿಯನ್ನು ಕಟ್ಟುತ್ತದೆ. ಮಣ್ಣಿನ ಧೂಳು ಒಣಗಿದ್ದಾಗ ಹಾರಿಬರುತ್ತದೆ, ಒದ್ದೆಯಾದರೆ ಕೆಸರಾಗುತ್ತದೆ. ಆದುದರಿಂದ ನೀರು ಮುಟ್ಟಿಸುವ ಮೊದಲು ಧೂಳು ಹೀರುವ ಯಂತ್ರವನ್ನು ನಿಧಾನವಾಗಿ, ಉದ್ದಕ್ಕೂ ಅಡ್ಡಕ್ಕೂ ನಡೆಸಬೇಕು.

ಇದರಿಂದ ಚಿಗಟಗಳ ನಿವಾರಣೆಗೂ ಸಹಾಯವುಂಟು. ಚಿಗಟವು ಪ್ರಾಣಿಯ ಮೈಮೇಲೆ ಮೊಟ್ಟೆಯಿಟ್ಟರೂ ಮೊಟ್ಟೆಗಳು ಉದುರಿ ರತ್ನಗಂಬಳಿಯನ್ನು ಸೇರುತ್ತವೆ. ಮರಿಹುಳುಗಳು ಬೆಳಕಿಗೆ ಅಂಜಿ ಎಳೆಗಳ ಬುಡದಲ್ಲಿ ಅಡಗಿ, ಅಲ್ಲಿಯೇ ಗೂಡು ಕಟ್ಟಿ, ತಿಂಗಳುಗಟ್ಟಲೆ ಕಾದಿರಬಲ್ಲವು. ಓಹಾಯೋ ರಾಜ್ಯ ವಿಶ್ವವಿದ್ಯಾನಿಲಯದ ಕೀಟಶಾಸ್ತ್ರಜ್ಞರು ೨೦೦೭ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಯಂತ್ರವು ಹೀರಿದ ವಯಸ್ಕ ಚಿಗಟಗಳಲ್ಲಿ ಶೇಕಡಾ ೯೬ರಷ್ಟು ಸತ್ತುಹೋದುವು. ಆದರೆ ಪ್ರಾಣಿಗೆ ಚಿಕಿತ್ಸೆ ಮಾಡದೆ ನೆಲವನ್ನು ಮಾತ್ರ ಹೀರುತ್ತಿದ್ದರೆ ತೂತುಬಿದ್ದ ದೋಣಿಯಿಂದ ನೀರು ಎತ್ತಿಹಾಕಿದಂತಾಗುತ್ತದೆ.

ಬೆಕ್ಕಿನಿಂದ ಸೀನು, ಉಬ್ಬಸ ಬರುವವರಿಗೆ ತೊಂದರೆ ಕೊಡುವ ಮುಖ್ಯ ವಸ್ತು ಕೂದಲಲ್ಲ, ಬೆಕ್ಕಿನ ಜೊಲ್ಲಿನಲ್ಲಿಯೂ ಚರ್ಮದ ಗ್ರಂಥಿಗಳಲ್ಲಿಯೂ ಇರುವ ಒಂದು ಪ್ರೋಟೀನು. ಇದು ಅತಿ ಸೂಕ್ಷ್ಮವಾದ ಕಣಗಳ ಮೇಲೇರಿ ಬಹು ಹೊತ್ತು ಗಾಳಿಯಲ್ಲಿ ತೇಲಬಲ್ಲದು. ರತ್ನಗಂಬಳಿಯು ಇದನ್ನು ನುಣುಪಾದ ನೆಲಕ್ಕಿಂತ ಎಷ್ಟೋ ಪಟ್ಟು ಹೆಚ್ಚಾಗಿ ಕೂಡಿಟ್ಟುಕೊಳ್ಳುತ್ತದೆ. ತೊಳೆಯುವುದರಿಂದ ಅದು ಕಡಿಮೆಯಾದೀತು. ಬೆಕ್ಕು ಮನೆಯಲ್ಲಿರುವಷ್ಟು ಕಾಲ ಮತ್ತೆ ಕೂಡುತ್ತಲೇ ಇರುತ್ತದೆ. ಉಬ್ಬಸದ ರೋಗಿಯುಳ್ಳ ಮನೆಗೆ ಹಾಸಿಲ್ಲದ ನೆಲವೇ ಲೇಸು.

ನೀರು ಕಡಮೆ, ಹೀರುವುದು ಹೆಚ್ಚು

ಯಂತ್ರ ನಡೆಸುವಾಗ ನೆನಪಿಡಬೇಕಾದ ಸೂತ್ರವೊಂದೇ: ಒಳಗೆ ಬಿಟ್ಟ ನೀರನ್ನು ಹೊರಗೆ ತರಬೇಕು. ಒಂದು ಸಲ ನೀರು ಬಿಟ್ಟು ಎಳೆದರೆ, ನೀರು ಬಿಡದೆ ಎರಡು ಸಲವಾದರೂ ನಿಧಾನವಾಗಿ ಎಳೆಯಬೇಕು. ಯಂತ್ರದ ಪಾರದರ್ಶಕವಾದ ಬಾಯಿಯಲ್ಲಿ ನೀರು ಓಡುವುದು ನಿಂತಮೇಲೆಯೇ ಮುಂದಿನ ಸಾಲಿಗೆ ಹೋಗಬೇಕು. ಸಾಬೂನಿನ ಸರದಿಯಾದ ಬಳಿಕ ಬರಿಯ ನೀರಿನ ಸರದಿ ಅಗತ್ಯ. ಉಣ್ಣೆಯ ರತ್ನಗಂಬಳಿಗೆ ಉಗುರುಬೆಚ್ಚಗಿನ ನೀರೂ ಉಣ್ಣೆಗೆಂದೇ ಮಾಡಿದ ದ್ರವವೂ ಬೇಕು. ಬಣ್ಣ ಬಿಡುವುದೋ ಇಲ್ಲವೋ ಎಂಬುದನ್ನು ಮರೆಯ ಮೂಲೆಯೊಂದರಲ್ಲಿ ಪರೀಕ್ಷಿಸಿಯೇ ಮುಂದುವರಿಯಬೇಕು.

ಅನಂತರ ಒಣಗಿಸುವ ಕೆಲಸ. ಒದ್ದೆಯಾದ ವಸ್ತುಗಳನ್ನು ೨೪ರಿಂದ ೪೮ ಗಂಟೆಗಳೊಳಗೆ ಒಣಗಿಸಿದರೆ ಬಹುಮಟ್ಟಿಗೆ ಬೂಷ್ಟು ಹಿಡಿಯದೆಂದು ಅಮೆರಿಕದ ಪರಿಸರ ಸಂರಕ್ಷಣ ಸಂಸ್ಥೆ ಹೇಳುತ್ತದೆ. ಹಿಮ ಬೀಳುವ ಚಳಿಯಲ್ಲಿ ಇದು ಹೇಗೆ ಸಾಧ್ಯವೆಂದು ನಮಗೆ ಶಂಕೆಯಿತ್ತು. ಲೆಕ್ಕ ಹಾಕಿ ನೋಡಿದಾಗ ಶಂಕೆ ತಲೆಕೆಳಗಾಯಿತು. ೦ ಡಿಗ್ರಿ ಸೆಂಟಿಗ್ರೇಡಿನಲ್ಲಿ ಒಂದು ಘನಮೀಟರು ಗಾಳಿಯು ಹೆಚ್ಚೆಂದರೆ ಸುಮಾರು ೫ ಗ್ರಾಂ ನೀರಾವಿಯನ್ನು ಹಿಡಿದಿರಬಲ್ಲದು. ೨೦ ಡಿಗ್ರಿಯಲ್ಲಿ ಸುಮಾರು ೧೭ ಗ್ರಾಂ. ಹೊರಗಿನ ಚಳಿಗಾಳಿಯು ಒಳಬಂದು ಬೆಚ್ಚಗಾದರೆ ಅದು ಬಾಯಾರಿದ ಗಾಳಿಯಾಗುತ್ತದೆ. ಕಿಟಕಿಯನ್ನು ಸ್ವಲ್ಪ ತೆರೆದು, ಬೀಸಣಿಗೆಯನ್ನು ನೆಲದ ಮೇಲೆ ಬೀಸುವಂತೆ ಇಟ್ಟರೆ ರತ್ನಗಂಬಳಿ ಬೇಗ ಒಣಗುತ್ತದೆ. ನಮ್ಮ ಕರಾವಳಿಯ ಮಳೆಗಾಲದಲ್ಲಿ ಇದೇ ಉಪಾಯ ಹೂಡಿದರೆ ಫಲ ವಿಪರೀತವಾದೀತು. ಅಲ್ಲಿಯ ಗಾಳಿ ಮೊದಲೇ ಹೊಟ್ಟೆತುಂಬ ನೀರು ಕುಡಿದಿರುತ್ತದೆ.

ಕೆಲಸ ಮುಗಿದ ಮೇಲೆ ವಿದ್ಯುತ್ತಿನ ತಂತಿಯನ್ನು ಕಿತ್ತು, ಕೊಳೆನೀರಿನ ತೊಟ್ಟಿಯನ್ನು ತೊಳೆದು, ಕುಂಚಕ್ಕೆ ಸುತ್ತಿದ ಕೂದಲನ್ನು ಬಿಡಿಸಿ, ಎಲ್ಲವನ್ನೂ ಆರಲು ಬಿಡಬೇಕು. ಹಾಗೆಯೇ ಮುಚ್ಚಿಟ್ಟ ಯಂತ್ರವು ಮುಂದಿನ ಸಲ ತನ್ನ ನಾತವನ್ನೇ ನೆಲಕ್ಕೆ ಹಂಚುತ್ತದೆ.

ಪ್ರಾಣಿಯ ಕಡೆಯಿಂದ ನೋಡಿದರೆ

ನಮ್ಮ ಊರಿನ ಅಭ್ಯಾಸದಂತೆ ನಮಗೆ ಮೊದಲು ಹೊಳೆದುದು ಫಿನಾಯಿಲ್. ನೀರಿಗೆ ಎರಡು ಮುಚ್ಚಳ ಹಾಕಿದರೆ ನಾತವೆಲ್ಲ ಹೋದೀತೆಂದು ನಾವು ಸಲಹೆ ಕೊಟ್ಟೆವು. ಆ ಸಲಹೆಯನ್ನು ಮಗಳು ಕೇಳದಿದ್ದುದು ಒಳ್ಳೆಯದಾಯಿತು. ಫೀನಾಲ್ ಜಾತಿಯ ವಸ್ತುಗಳನ್ನು ನಿರ್ವಿಷಗೊಳಿಸುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಬಹಳ ಕಡಮೆ. ಒದ್ದೆ ನೆಲವನ್ನು ತುಳಿದ ಬೆಕ್ಕು ಪಾದವನ್ನು ನೆಕ್ಕದೆ ಬಿಡುವುದಿಲ್ಲ. ನೆಲಕ್ಕೆ ಹಾಕಿದುದು ಹೊಟ್ಟೆಗೆ ಹೋಗುತ್ತದೆ. ಕ್ಲೋರಿನ್ನಿನ ಬಿಳುಪುಕಾರಕವನ್ನೂ ಬಳಸಬಾರದು. ಅದು ಮೂತ್ರದ ಅಮೋನಿಯಾದೊಡನೆ ಸೇರಿ ಕ್ಲೋರಮೀನ್ ಎಂಬ ವಿಷಾನಿಲವನ್ನು ಉಂಟುಮಾಡುತ್ತದೆ. ಅಮೋನಿಯಾ ಬೆರೆತ ದ್ರವಗಳಂತೂ ನಾಯಿಯ ಮೂಗಿಗೆ ಮೂತ್ರದ ನೆನಪನ್ನೇ ತರಬಹುದು. ನೆಲವು ಪೂರ್ತಿ ಒಣಗುವ ತನಕ ಪ್ರಾಣಿಗಳನ್ನು ಬೇರೆ ಕೋಣೆಯಲ್ಲಿಡುವುದು ಕ್ಷೇಮ.

ನಾಯಿಯ ಮೂಗಿನ ಮುಂದೆ ನಮ್ಮ ಮೂಗು ಕುರುಡು. ನಮಗೆ ಶುದ್ಧವೆಂದು ತೋರುವ ಮೂಲೆಯು ಅದಕ್ಕೆ ಇನ್ನೂ ಗುರುತು ಹಚ್ಚಿದ ಜಾಗವೇ. ಅದು ಹಟದಿಂದ ಅಲ್ಲಿಗೆ ಹೋಗುತ್ತದೆನ್ನುವುದು ಅನ್ಯಾಯ. ಇದಕ್ಕಿಂತ ಮುಖ್ಯವಾದ ಸಂಗತಿಯೊಂದಿದೆ. ಶಿಸ್ತು ಕಲಿತ ಪ್ರಾಣಿಯು ತಟ್ಟನೆ ಮನೆಯೊಳಗೆ ಮೂತ್ರ ಮಾಡತೊಡಗಿದರೆ ಮೊದಲು ನೋಡಬೇಕಾದವರು ಪಶುವೈದ್ಯರು. ಮೂತ್ರಕೋಶದ ಸೋಂಕು, ಸಿಹಿಮೂತ್ರ ರೋಗ, ಮೂತ್ರಪಿಂಡದ ದೌರ್ಬಲ್ಯ ಮೊದಲಾದುವು ಹೀಗೆ ಕಾಣಿಸಿಕೊಳ್ಳಬಹುದು. ಗಂಡು ಬೆಕ್ಕು ಮುಕ್ಕುತ್ತ ಕುಳಿತು ಮೂತ್ರ ಬಾರದಿದ್ದರೆ ಒಂದು ದಿನವೂ ತಡಮಾಡಬಾರದು. ಮೂತ್ರನಾಳ ಕಟ್ಟಿದ್ದರೆ ಅದರ ಪ್ರಾಣವೇ ಹೋದೀತು.

ಮೂಲೆಯ ಕಥೆಯ ಮುಕ್ತಾಯ

ಈ ವಿಚಾರಗಳನ್ನೆಲ್ಲ ಕೂಡಿಸಿಕೊಂಡು ನಾವು ಮತ್ತೆ ಕೆಲಸಕ್ಕೆ ತೊಡಗಿದೆವು. ಅಳಿಯಂದಿರು ಅತಿನೇರಿಳೆ ಬೆಳಕಿನ ಸಣ್ಣ ದೀಪವೊಂದನ್ನು ತಂದರು. ರಾತ್ರಿ ದೀಪಗಳನ್ನೆಲ್ಲ ಆರಿಸಿ ಅದನ್ನು ಹಿಡಿದಾಗ, ಒಂದೇ ಎಂದುಕೊಂಡಿದ್ದ ಕಲೆ ಮೂರಾಗಿ ಮಂದವಾದ ಹಳದಿ ಹಸಿರಿನಲ್ಲಿ ಹೊಳೆಯಿತು. ಕೆಲವು ಸಾಬೂನುಗಳೂ ಇಂಥ ಬೆಳಕಿನಲ್ಲಿ ಹೊಳೆಯುವುದರಿಂದ ಪ್ರತಿಯೊಂದನ್ನೂ ಮೂಸಿ ನೋಡಿ ಖಚಿತಪಡಿಸಿಕೊಂಡೆವು. ಮುದುಕರಾದ ನಾವು ನೆಲಕ್ಕೆ ಬಗ್ಗಿ ಮೂಸುವುದನ್ನು ಕಂಡು ಮೋತಿಯೂ ಬಂದು ಪಕ್ಕದಲ್ಲಿ ಮೂಸಿತು.

ಮೊದಲು ಬರಿಯ ನೀರಿನಿಂದ ಹಳೆಯ ಸಾಬೂನನ್ನು ತೆಗೆದೆವು. ಬಳಿಕ ಕಿಣ್ವದ್ರವವನ್ನು ಕಲೆಗಿಂತ ಅಗಲವಾಗಿ, ಮೆತ್ತೆಗೆ ಇಳಿಯುವಷ್ಟು ಸುರಿದು, ಆರದಂತೆ ಪ್ಲಾಸ್ಟಿಕ್ ಹಾಳೆಯನ್ನು ಮುಚ್ಚಿ ಒಂದು ರಾತ್ರಿ ಬಿಟ್ಟೆವು. ಮರುದಿನ ಯಂತ್ರದಿಂದ ಹೀರಿ, ನೀರು ಬಿಟ್ಟು, ಮತ್ತೆ ಮತ್ತೆ ಹೀರಿ, ಬೀಸಣಿಗೆಯಿಟ್ಟು ಒಣಗಿಸಿದೆವು. ಎರಡು ಕಡೆ ನಾತ ಮತ್ತೆ ಬರಲಿಲ್ಲ. ಕಿಟಕಿಯ ಮೂಲೆಯಲ್ಲಿ ಮಾತ್ರ ಸ್ವಲ್ಪ ಉಳಿಯಿತು. ರತ್ನಗಂಬಳಿಯ ಅಂಚನ್ನು ಎತ್ತಿ ನೋಡಿದಾಗ ಕೆಳಗಿನ ಮೆತ್ತೆಯು ಕಂದುಗಟ್ಟಿ ಹಾಳಾಗಿತ್ತು. ಅಷ್ಟು ಭಾಗವನ್ನು ಕತ್ತರಿಸಿ ತೆಗೆದು, ಹಲಗೆಯನ್ನು ಒಣಗಿಸಿ ವಾರ್ನಿಷಿನಂಥ ಮುಚ್ಚುಬಣ್ಣವನ್ನು ಬಳಿದು, ಹೊಸ ಮೆತ್ತೆಯ ತುಂಡನ್ನು ಕೂಡಿಸಬೇಕಾಯಿತು. ಆ ಕೆಲಸವನ್ನು ಯಾವ ಯಂತ್ರವೂ ಮಾಡಲಾರದು. ಒಂದು ಚಾಕುವೂ ಅರ್ಧ ದಿನದ ಬಿಡುವೂ ಮಾಡಿದುವು.

ಪಶುವೈದ್ಯರು ಮೋತಿಯ ಮೂತ್ರವನ್ನು ಪರೀಕ್ಷಿಸಿ ಸೋಂಕಿದೆಯೆಂದರು. ಔಷಧಿಯಿಂದ ಅದು ಗುಣವಾಯಿತು. ಅಷ್ಟು ತಿಂಗಳು ನಾವು ನೆಲದಲ್ಲಿ ಹುಡುಕುತ್ತಿದ್ದ ದೋಷವು ಪಾಪ, ಆ ಪ್ರಾಣಿಯ ಒಡಲಿನಲ್ಲಿ ಉರಿಯುತ್ತಿತ್ತು. ಮುಪ್ಪಿಗೆ ಮಾತ್ರ ಔಷಧಿಯಿಲ್ಲವಾಗಿ, ಈಗಲೂ ತಿಂಗಳಿಗೊಮ್ಮೆ ಅದಕ್ಕೆ ತಡೆಯಲಾಗದೆ ಹೋಗುವುದುಂಟು. ಅದಕ್ಕಾಗಿ ನಮ್ಮ ಮನೆಯಾಕೆ ತನ್ನ ಪೆಟ್ಟಿಗೆಯಿಂದ ಹಳೆಯ ಹತ್ತಿಯ ಜಮಖಾನವೊಂದನ್ನು ತೆಗೆದು, ಅಡಿಯಲ್ಲಿ ರಬ್ಬರು ಹಾಳೆಯನ್ನಿಟ್ಟು, ಕಿಟಕಿಯ ಮೂಲೆಯಲ್ಲಿ ಹಾಸಿದಳು. ಮೋತಿ ಅದರ ಮೇಲೆ ಮಲಗುತ್ತದೆ. ಯಂತ್ರವು ಈಗ ಅಪರೂಪಕ್ಕೆ ಹೊರಬರುತ್ತದೆ. ಜಮಖಾನವನ್ನು ಮಾತ್ರ ವಾರಕ್ಕೊಮ್ಮೆ ಒಗೆದು, ಬಿಸಿಲು ಬಂದ ದಿನ ಹಿತ್ತಲಿನ ತಂತಿಯ ಮೇಲೆ ಹರವುತ್ತಾರೆ.